‘ನನ್ನ ಬಾಲ್ಯ ಹಾಳು ಮಾಡಿದರು!’: ಹಳೆಯ ಕಾರ್ಟೂನ್ ಹೊಸ ವೇಷದಲ್ಲಿ ಬಂದರೆ ಅಭಿಮಾನಿಗಳಿಗೆ ಸಿಟ್ಟೇಕೆ?

2019ರ ಏಪ್ರಿಲ್ 30ರಂದು ಒಂದು ಸಿನಿಮಾ ಟ್ರೇಲರ್ ಹೊರಬಂತು. 1991ರಲ್ಲಿ ಸೆಗಾ ಕಂಪನಿಯ ವಿಡಿಯೋ ಗೇಮ್‌ನಲ್ಲಿ ಹುಟ್ಟಿ, ಮುಂದೆ ಟಿವಿ ಕಾರ್ಟೂನ್‌ಗಳಲ್ಲೂ ಓಡಾಡಿದ ನೀಲಿ ಬಣ್ಣದ ಸೋನಿಕ್ ಅದರ ನಾಯಕ. ಸೋನಿಕ್ ಒಂದು ಹೆಡ್ಜ್‌ಹಾಗ್. ಇದು ನಮ್ಮ ಕಡೆಯ ಮುಳ್ಳುಹಂದಿಯಲ್ಲ, ಅದಕ್ಕಿಂತ ತುಂಬಾ ಚಿಕ್ಕದಾದ ಬೇರೆಯೇ ಪ್ರಾಣಿ. ಟ್ರೇಲರ್‌ನಲ್ಲಿ ಕಂಡ ಸೋನಿಕ್‌ಗೆ ಪುಟ್ಟ ಪುಟ್ಟ ಬೇರೆ ಬೇರೆ ಕಣ್ಣುಗಳಿದ್ದವು, ಉದ್ದನೆಯ ಕಾಲುಗಳಿದ್ದವು, ಎಲ್ಲಕ್ಕಿಂತ ಹೆಚ್ಚಾಗಿ ಬಾಯ್ತುಂಬಾ ಮನುಷ್ಯರ ಹಲ್ಲುಗಳಿದ್ದವು. ಇಂಟರ್ನೆಟ್ ತುಂಬಾ ಗೇಲಿ, ಸಿಟ್ಟು, ಅಸಹ್ಯ. ಎರಡೇ ದಿನಕ್ಕೆ ನಿರ್ದೇಶಕ ಜೆಫ್ ಫೌಲರ್ ಟ್ವಿಟರ್‌ನಲ್ಲಿ ‘ಬದಲಾಯಿಸುತ್ತೇವೆ’ ಎಂದು ಮಾತು ಕೊಟ್ಟರು. ನವೆಂಬರ್‌ನಲ್ಲಿ ಬರಬೇಕಿದ್ದ ಸಿನಿಮಾ 2020ರ ಫೆಬ್ರವರಿ 14ಕ್ಕೆ ಹೋಯಿತು. ಹೊಸ ಮುಖದ ಸೋನಿಕ್ ಜಗತ್ತಿನಾದ್ಯಂತ 30 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ.

ಅಂದಿನಿಂದ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ: ಹಳೆಯದೇ ಚಿನ್ನ, ಹೊಸದನ್ನು ಮಾಡುವವರು ಅದನ್ನು ಕೆಡಿಸುತ್ತಾರೆ, ಅಭಿಮಾನಿಗಳೆಲ್ಲ ಒಟ್ಟಾಗಿ ಗದ್ದಲ ಎಬ್ಬಿಸಿದರೆ ಕಂಪನಿ ಬಗ್ಗುತ್ತದೆ. ಈ ನಂಬಿಕೆಯಲ್ಲಿ ಎಷ್ಟು ನಿಜ? ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಸೋನಿಕ್‌ನ ಹಲ್ಲಿನ ವಿಷಯ. ಇಲ್ಲಿ ಅಭಿಮಾನಿಗಳ ಮೂಗು ಸರಿಯಾಗಿಯೇ ವಾಸನೆ ಹಿಡಿದಿತ್ತು ಎನ್ನುವುದು ನಮ್ಮ ಅಭಿಪ್ರಾಯ, ಮತ್ತು ಅದಕ್ಕೆ ಹಳೆಯ ವಿಜ್ಞಾನದ ಬೆಂಬಲವಿದೆ. ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ಕೊನ್ರಾಡ್ ಲೊರೆನ್ಸ್, ದೊಡ್ಡ ತಲೆ, ದೊಡ್ಡ ಕಣ್ಣು, ಉಬ್ಬಿದ ಕೆನ್ನೆಗಳನ್ನು ಕಂಡಾಗ ನಮ್ಮಲ್ಲಿ ತಾನಾಗಿಯೇ ಮುದ್ದು ಹುಟ್ಟುತ್ತದೆ ಎಂದು 1940ರ ದಶಕದಲ್ಲೇ ಹೇಳಿದ್ದರು. ಇವೆಲ್ಲ ಎಳೆಮಕ್ಕಳ ಲಕ್ಷಣ. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1979ರಲ್ಲಿ ಇದೇ ಎಳೆ ಹಿಡಿದು, ಕ್ಯಾಲಿಪರ್‌ನೊಂದಿಗೆ ಮಿಕ್ಕಿ ಮೌಸ್‌ನ ಹಳೆಯ ಚಿತ್ರಗಳನ್ನು ಅಳೆಯಲು ಕೂತರು. 1928ರ ‘ಸ್ಟೀಮ್‌ಬೋಟ್ ವಿಲ್ಲಿ’ಯ ಮಿಕ್ಕಿ ಚೂಪು ಮೂತಿಯ, ತುಂಟತನಕ್ಕಿಂತ ಕೇಡಿತನವೇ ಹೆಚ್ಚಿದ್ದ ಇಲಿ. ದಶಕಗಳು ಕಳೆದಂತೆ ಅವನ ತಲೆ ಮೈಯ ಉದ್ದದ ಶೇ. 42.7ರಿಂದ ಶೇ. 48.1ಕ್ಕೆ ಏರಿತ್ತು. ಕಣ್ಣು ತಲೆಯ ಉದ್ದದ ಶೇ. 27ರಿಂದ ಶೇ. 42ಕ್ಕೆ ಬೆಳೆದಿತ್ತು. ಅಂದರೆ ನಾವೆಲ್ಲ ವಯಸ್ಸಾಗುತ್ತ ಹೋದರೆ ಮಿಕ್ಕಿ ವರ್ಷ ವರ್ಷಕ್ಕೂ ಮಗುವಾಗುತ್ತ ಹೋದ!

ಟ್ರೇಲರ್‌ನ ಸೋನಿಕ್ ಇದರ ಉಲ್ಟಾ ದಾರಿ ಹಿಡಿದಿದ್ದ. ಕಣ್ಣು ಚಿಕ್ಕದಾಗಿ, ಕಾಲು ಉದ್ದವಾಗಿ, ಹಲ್ಲು ದೊಡ್ಡವರದ್ದಾಗಿ, ಮಗುವಿನಂತಿದ್ದ ಪಾತ್ರ ರೋಮ ಹೊದ್ದ ವಯಸ್ಕನಂತೆ ಕಂಡಿತು. ಜೊತೆಗೆ ಜಪಾನಿನ ರೋಬಾಟ್ ತಜ್ಞ ಮಸಾಹಿರೊ ಮೋರಿ 1970ರಲ್ಲಿ ಮುಂದಿಟ್ಟ ಇನ್ನೊಂದು ಊಹೆಯೂ ಇಲ್ಲಿ ನೆನಪಾಗುತ್ತದೆ. ಮನುಷ್ಯನನ್ನು ಸ್ವಲ್ಪ ಹೋಲುವ ಗೊಂಬೆ ನಮಗೆ ಇಷ್ಟವಾಗುತ್ತದೆ, ಆದರೆ ಹೆಚ್ಚೂಕಡಿಮೆ ಮನುಷ್ಯನಂತೆಯೇ ಇದ್ದು ಎಲ್ಲೋ ಒಂದು ಕಡೆ ತಪ್ಪುವ ಗೊಂಬೆ ಮೈ ಜುಮ್ಮೆನಿಸುತ್ತದೆ ಎನ್ನುವುದು ಆ ಊಹೆ. ಇದು ಎಲ್ಲ ಸಂದರ್ಭಕ್ಕೂ ಒಪ್ಪುತ್ತದೆಯೇ ಎಂಬ ಬಗ್ಗೆ ಸಂಶೋಧಕರಲ್ಲಿ ಇಂದಿಗೂ ಚರ್ಚೆ ಇದೆ. ಆದರೂ ಆ ಹಲ್ಲುಗಳನ್ನು ನೋಡಿದವರಿಗೆ ಮೋರಿ ಏನು ಹೇಳಿದರೆಂದು ವಿವರಿಸಬೇಕಾಗಿಲ್ಲ.

ಹಾಗಾದರೆ ಎಲ್ಲ ಸಿಟ್ಟೂ ಇಷ್ಟು ನ್ಯಾಯವಾದದ್ದೇ? ಅಲ್ಲ. ಇಲ್ಲಿಂದ ವಿಷಯ ಸಿಕ್ಕುಗಟ್ಟುತ್ತದೆ.

ನೆನಪಿನ ಕೈವಾಡ

ಮನಃಶಾಸ್ತ್ರದಲ್ಲಿ ಚೆನ್ನಾಗಿ ಸ್ಥಾಪಿತವಾದ ಒಂದು ಸಂಗತಿಯಿದೆ. ನಡುವಯಸ್ಸು ದಾಟಿದವರನ್ನು ಬದುಕಿನ ನೆನಪುಗಳನ್ನು ಹೇಳಿ ಎಂದು ಕೇಳಿದರೆ, ಸುಮಾರು 10ರಿಂದ 30 ವರ್ಷದ ನಡುವಿನ ನೆನಪುಗಳೇ ಲೆಕ್ಕಕ್ಕಿಂತ ಹೆಚ್ಚಾಗಿ ಬರುತ್ತವೆ. ಆ ಕಾಲದ ಹಾಡು, ಸಿನಿಮಾ, ಆಟಗಾರರೇ ನಮಗೆ ‘ನಿಜವಾದ’ ಹಾಡು, ಸಿನಿಮಾ, ಆಟಗಾರರಾಗಿ ಉಳಿಯುತ್ತಾರೆ. ಅದರ ಮೇಲೆ, ಒಂದು ವಸ್ತುವನ್ನು ಮತ್ತೆ ಮತ್ತೆ ನೋಡಿದಷ್ಟಕ್ಕೇ ಅದು ಇಷ್ಟವಾಗತೊಡಗುತ್ತದೆ ಎಂದು ರಾಬರ್ಟ್ ಜಯಾಂಕ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದರು. ವಾರಕ್ಕೊಮ್ಮೆ ವರ್ಷಗಟ್ಟಲೆ ಕಂಡ ಮುಖವನ್ನು ಮೊದಲ ಸಲ ಕಂಡ ಮುಖದೊಂದಿಗೆ ಹೋಲಿಸಿದರೆ ಗೆಲ್ಲುವುದು ಯಾವುದೆಂದು ಬೇರೆ ಹೇಳಬೇಕೆ?

ಮೂರನೆಯದು ಇನ್ನೂ ಸೂಕ್ಷ್ಮ. 1997ರಲ್ಲಿ ಟೆರೆನ್ಸ್ ಮಿಚೆಲ್, ಲೀ ಥಾಂಪ್ಸನ್ ಮತ್ತು ಸಹೋದ್ಯೋಗಿಗಳು ಪ್ರವಾಸಕ್ಕೆ ಹೊರಟವರನ್ನು ಪ್ರವಾಸದ ಮುಂಚೆ, ನಡುವೆ ಮತ್ತು ನಂತರ ಪ್ರಶ್ನಿಸಿದರು. ಪ್ರವಾಸದ ನಡುವೆ ಗೊಣಗುತ್ತಿದ್ದವರೇ, ಮನೆಗೆ ಮರಳಿದ ಸ್ವಲ್ಪ ದಿನಕ್ಕೆ ಅದನ್ನು ಚಂದದ ಅನುಭವವಾಗಿ ನೆನೆದರು. ಸಣ್ಣ ಕಿರಿಕಿರಿಗಳು ಸೋರಿಹೋಗಿ ಒಳ್ಳೆಯದಷ್ಟೇ ತಳದಲ್ಲಿ ನಿಂತಿತ್ತು.

ಹಳೆಯ ಕಾರ್ಟೂನ್‌ಗಳ ವಿಷಯದಲ್ಲಿ ಹೀಗೆ ಸೋರಿಹೋದದ್ದು ಸಾಕಷ್ಟಿದೆ. 1983ರ ‘ಹೀ-ಮ್ಯಾನ್’ ಅನ್ನೇ ತೆಗೆದುಕೊಳ್ಳಿ. ಅದು ಮ್ಯಾಟೆಲ್ ಕಂಪನಿ ಹಿಂದಿನ ವರ್ಷ ಮಾರುಕಟ್ಟೆಗೆ ಬಿಟ್ಟಿದ್ದ ಗೊಂಬೆಗಳ ಬೆನ್ನಿಗೆ ಬಂದ ಸರಣಿ. ಫಿಲ್ಮೇಶನ್ ಸ್ಟುಡಿಯೋ ಖರ್ಚು ಉಳಿಸಲು ಒಮ್ಮೆ ಬರೆದ ಓಟ, ಜಿಗಿತ, ಗುದ್ದುಗಳನ್ನು ಕಂತಿನಿಂದ ಕಂತಿಗೆ ಮರಳಿ ಬಳಸುತ್ತಿತ್ತು. ಅಮೆರಿಕದಲ್ಲಿ ಮಕ್ಕಳ ಟಿವಿ ಮೇಲಿನ ಜಾಹೀರಾತು ನಿಯಮಗಳನ್ನು 1984ರಲ್ಲಿ ಸಡಿಲಿಸಿದ ಮೇಲಂತೂ ಗೊಂಬೆ ಮಾರುವ ಕಾರ್ಟೂನ್‌ಗಳ ಸಾಲೇ ಬಂತು. ‘ಇಂದಿನವರು ದುಡ್ಡಿಗಾಗಿ ಮಾಡುತ್ತಾರೆ, ಅಂದಿನವರು ಪ್ರೀತಿಯಿಂದ ಮಾಡುತ್ತಿದ್ದರು’ ಎನ್ನುವ ಮಾತು ಈ ಇತಿಹಾಸದ ಎದುರು ನಿಲ್ಲುವುದಿಲ್ಲ. ಅಂದಿನ ಚಿತ್ರಕಾರರಲ್ಲಿ ಪ್ರೀತಿ ಇರಲಿಲ್ಲವೆಂದಲ್ಲ. ಇಂದಿನವರಲ್ಲೂ ಇದೆ. ದುಡ್ಡು ಮಾತ್ರ ಎರಡೂ ಕಾಲದಲ್ಲಿ ಇತ್ತು.

‘ಮೂಲ’ ಎಂಬುದೂ ಅಷ್ಟು ಸರಳವಲ್ಲ. ಸ್ಕ್ರೂಜ್ ಮೆಕ್‌ಡಕ್ ಎಂಬ ಜಿಪುಣ ಬಾತುಕೋಳಿಯನ್ನು ಕಾರ್ಲ್ ಬಾರ್ಕ್ಸ್ ಸೃಷ್ಟಿಸಿದ್ದು 1947ರ ಕಾಮಿಕ್ಸ್‌ನಲ್ಲಿ. 1987ರ ‘ಡಕ್ ಟೇಲ್ಸ್’ ಟಿವಿ ಸರಣಿ ಆ ಕಾಮಿಕ್ಸ್‌ನ ಮರುರೂಪ. ಅದರಲ್ಲಿ ಡೊನಾಲ್ಡ್ ಡಕ್‌ನನ್ನು ನೌಕಾಪಡೆಗೆ ಕಳುಹಿಸಿ ಬದಿಗೆ ಸರಿಸಿಬಿಟ್ಟರು. ಇನ್ನು 1990ರ ದಶಕದಲ್ಲಿ ದೂರದರ್ಶನದ ಮುಂದೆ ಕೂತು ಬೆಳೆದ ನಮ್ಮ ಕರ್ನಾಟಕದ ಮಕ್ಕಳಿಗೆ ಸಿಕ್ಕಿದ್ದು ಹಿಂದಿ ಮಾತನಾಡುವ ಸ್ಕ್ರೂಜ್. ಮನೆಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ, ಅರ್ಧ ಅರ್ಥವಾಗಿ ಅರ್ಧ ಊಹಿಸಿ ನೋಡಿದ ಆ ಸ್ಕ್ರೂಜ್‌ನೇ ಅವರ ಪಾಲಿಗೆ ಅಸಲಿ. ಅಮೆರಿಕದ ಮೂಲ ದನಿ ಕೇಳಿಸಿದರೆ ‘ಇದು ನಮ್ಮ ಸ್ಕ್ರೂಜ್ ಅಲ್ಲ’ ಎನ್ನಿಸುವವರು ಇಂದಿಗೂ ಇದ್ದಾರೆ. ಯಾರಿಗೆ ಯಾವುದು ಮೂಲ ಎನ್ನುವುದು ಅವರು ಮೊದಲು ಯಾವುದನ್ನು, ಎಷ್ಟನೇ ವಯಸ್ಸಿನಲ್ಲಿ ಕಂಡರು ಎಂಬುದರ ಮೇಲೆ ನಿಂತಿದೆ.

ಪಾತ್ರ ಯಾರ ಸ್ವತ್ತು?

1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು, ಪರದೆಯ ಮೇಲಿನ ವ್ಯಕ್ತಿಗಳೊಂದಿಗೆ ಪ್ರೇಕ್ಷಕರು ಬೆಳೆಸಿಕೊಳ್ಳುವ ಒಮ್ಮುಖ ಸ್ನೇಹವನ್ನು ಗುರುತಿಸಿದರು. ನಾವು ಅವರನ್ನು ಬಲ್ಲೆವು, ಅವರು ನಮ್ಮನ್ನು ಅರಿಯರು, ಆದರೂ ಸ್ನೇಹದ ಭಾವ ನಿಜ. ಸಂವಹನ ಓದಿದವರಿಗೆಲ್ಲ ಇದು ಮೊದಲ ವರ್ಷದ ಪಾಠ. ಕಾರ್ಟೂನ್ ಪಾತ್ರದ ಜೊತೆ ಈ ನಂಟು ಇನ್ನೂ ಗಟ್ಟಿ, ಯಾಕೆಂದರೆ ನಟನಂತೆ ಅದಕ್ಕೆ ವಯಸ್ಸಾಗುವುದಿಲ್ಲ, ಹಗರಣದಲ್ಲಿ ಸಿಕ್ಕಿಬೀಳುವುದಿಲ್ಲ. ಬಿಟ್ಟುಹೋದ ಜಾಗದಲ್ಲೇ ಕಾದಿರುತ್ತದೆ. ಅಂಥ ಗೆಳೆಯ ಒಂದು ದಿನ ಬೇರೆ ಮುಖ ಹೊತ್ತು ಬಂದರೆ ನೋವಾಗುವುದು ಸಹಜ. ಆ ನೋವನ್ನು ‘ಬರೀ ಕಾರ್ಟೂನ್ ತಾನೆ’ ಎಂದು ತಳ್ಳಿಹಾಕುವುದು ನಮಗೆ ಸರಿಕಾಣುವುದಿಲ್ಲ.

ಆದರೆ ನೋವು ಒಂದು, ಹಕ್ಕು ಸಾಧಿಸುವುದು ಇನ್ನೊಂದು. 2018ರ ಜುಲೈನಲ್ಲಿ ನೆಟ್‌ಫ್ಲಿಕ್ಸ್‌ನ ಹೊಸ ‘ಶೀ-ರಾ’ದ ಚಿತ್ರಗಳು ಹೊರಬಂದಾಗ ಆದದ್ದು ಇದೇ. 1985ರ ಶೀ-ರಾ ಗೊಂಬೆಯ ಮೈಕಟ್ಟಿನ, ವಯಸ್ಕ ಹೆಂಗಸಿನಂತಿದ್ದ ನಾಯಕಿ. ಎನ್. ಡಿ. ಸ್ಟೀವನ್ಸನ್ ರೂಪಿಸಿದ ಹೊಸ ನಾಯಕಿ ಹದಿಹರೆಯದ ಹುಡುಗಿ. ಯುದ್ಧಕ್ಕೆ ಇಳಿಯುವವಳು ಎಂದು ಚಡ್ಡಿ ತೊಟ್ಟಿದ್ದಳು. ಕೆಲವು ಗಂಡಸರ ದೂರು ಏನಾಗಿತ್ತು ಗೊತ್ತೆ? ಅವಳು ಸಾಕಷ್ಟು ಆಕರ್ಷಕವಾಗಿಲ್ಲ, ಹುಡುಗನಂತೆ ಕಾಣುತ್ತಾಳೆ ಎಂದು. ಹತ್ತರ ಆಸುಪಾಸಿನ ಹೆಣ್ಣುಮಕ್ಕಳಿಗಾಗಿ ಮಾಡಿದ ಸರಣಿಯ ಹುಡುಗಿಯ ಬಗ್ಗೆ, ನಡುವಯಸ್ಸಿನತ್ತ ಸಾಗುತ್ತಿರುವವರ ದೂರು ಇದು. ಇದಕ್ಕೆ ಉತ್ತರವಾಗಿ ಇತರ ಅಭಿಮಾನಿಗಳು ಹೊಸ ಶೀ-ರಾಳ ಚಿತ್ರಗಳನ್ನು ಬಿಡಿಸಿ ಬಿಡಿಸಿ ಹಂಚಿದರು. ಸರಣಿ 5 ಸೀಸನ್, 52 ಕಂತು ನಡೆದು 2020ರಲ್ಲಿ ಮುಗಿಯಿತು.

ಇದೇ ಹೊತ್ತಿಗೆ ಹುಟ್ಟಿದ ಇನ್ನೊಂದು ಮಿಥ್ಯೆಯನ್ನೂ ಇಲ್ಲೇ ಮುಗಿಸಿಬಿಡೋಣ. ‘ಥಂಡರ್‌ಕ್ಯಾಟ್ಸ್ ರೋರ್’ ಎಂಬ ತಮಾಷೆ ಧಾಟಿಯ ಮರುರೂಪ 2018ರಲ್ಲಿ ಘೋಷಣೆಯಾದಾಗ, ಈಗಿನ ದುಂಡು ಮುಖದ ಕಾರ್ಟೂನ್‌ಗಳೆಲ್ಲ ಕ್ಯಾಲಿಫೋರ್ನಿಯಾದ ಕ್ಯಾಲ್‌ಆರ್ಟ್ಸ್ ಎಂಬ ಒಂದೇ ಕಾಲೇಜಿನ ಅಚ್ಚಿನಿಂದ ಬಂದವು ಎಂಬ ಮಾತು ಹರಡಿತು. ಆದರೆ ಈ ಶೈಲಿಗೆ ಉದಾಹರಣೆಯಾಗಿ ಎಲ್ಲರೂ ಬೊಟ್ಟು ಮಾಡುವ ‘ಸ್ಟೀವನ್ ಯೂನಿವರ್ಸ್’ನ ರೆಬೆಕಾ ಶುಗರ್ ಓದಿದ್ದು ನ್ಯೂಯಾರ್ಕ್‌ನ ಬೇರೆ ಕಾಲೇಜಿನಲ್ಲಿ. ಇತ್ತ ಕ್ಯಾಲ್‌ಆರ್ಟ್ಸ್‌ನಲ್ಲಿ ಓದಿದ ಟಿಮ್ ಬರ್ಟನ್ ಮತ್ತು ಬ್ರಾಡ್ ಬರ್ಡ್ ಅವರ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದೇ ಊರಿನವು ಎಂದೂ ಅನ್ನಿಸದು. ‘ಥಂಡರ್‌ಕ್ಯಾಟ್ಸ್ ರೋರ್’ ಒಂದೇ ಸೀಸನ್‌ಗೆ ನಿಂತಿತು ನಿಜ. ಆದರೆ 2011ರಲ್ಲಿ ಬಂದ, ಹಳೆಯ ಅಭಿಮಾನಿಗಳು ಬಯಸಿದಂತೆ ಗಂಭೀರವಾಗಿದ್ದ ‘ಥಂಡರ್‌ಕ್ಯಾಟ್ಸ್’ ಕೂಡ ಒಂದೇ ಸೀಸನ್‌ಗೆ ನಿಂತಿತ್ತು.

ಗದ್ದಲ ಎಷ್ಟು ಜನರದ್ದು?

ಕೆಟ್ಟದ್ದು ಒಳ್ಳೆಯದಕ್ಕಿಂತ ಜೋರಾಗಿ ತಟ್ಟುತ್ತದೆ ಎಂದು ರಾಯ್ ಬೌಮೈಸ್ಟರ್ ಮತ್ತು ಸಹೋದ್ಯೋಗಿಗಳು 2001ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ವಾದಿಸಿದ್ದರು. ಸಾಮಾಜಿಕ ಜಾಲತಾಣದಲ್ಲಿ ಇದು ಇಮ್ಮಡಿಯಾಗುತ್ತದೆ. ಇಷ್ಟಪಟ್ಟವರು ನೋಡಿ ಸುಮ್ಮನಾಗುತ್ತಾರೆ, ಸಿಟ್ಟಾದವರು ಬರೆಯುತ್ತಾರೆ, ಬರೆದದ್ದು ಇನ್ನಷ್ಟು ಜನರಿಗೆ ಕಾಣುತ್ತದೆ. ಕಾರ್ಟೂನ್ ಅಲ್ಲದಿದ್ದರೂ ‘ಸ್ಟಾರ್ ವಾರ್ಸ್: ದ ಲಾಸ್ಟ್ ಜೇಡೈ’ ಸಿನಿಮಾದ ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರ ನಿರ್ದೇಶಕನನ್ನು ಉದ್ದೇಶಿಸಿದ 967 ಟ್ವೀಟ್‌ಗಳನ್ನು ಸಂಶೋಧಕ ಮಾರ್ಟನ್ ಬೇ 2018ರಲ್ಲಿ ಪರಿಶೀಲಿಸಿದರು. ‘ಅಭಿಮಾನಿಗಳೆಲ್ಲ ದ್ವೇಷಿಸಿದರು’ ಎಂದು ಹೆಸರಾದ ಆ ಸಿನಿಮಾದ ವಿಷಯದಲ್ಲಿ ನಕಾರಾತ್ಮಕವಾಗಿದ್ದದ್ದು ಐದರಲ್ಲಿ ಸುಮಾರು ಒಂದು ಟ್ವೀಟ್. ಆ ಒಂದು ಪಾಲಿನಲ್ಲೂ ಸುಮಾರು ಅರ್ಧ, ರಾಜಕೀಯ ಉದ್ದೇಶದವು ಇಲ್ಲವೇ ಮನುಷ್ಯರೇ ಬರೆಯದವು ಎಂದು ಅವರ ಅಂದಾಜು.

ಗದ್ದಲದಿಂದ ಕಂಪನಿಗೆ ಸದಾ ನಷ್ಟವೇ ಎನ್ನುವುದೂ ಸುಳ್ಳು. ‘ಸ್ಕೂಬಿ-ಡೂ’ವಿನ ವೆಲ್ಮಾಳನ್ನು ಭಾರತೀಯ ಮೂಲದ ಹುಡುಗಿಯಾಗಿಸಿ, ನಾಯಿಯನ್ನೇ ಕೈಬಿಟ್ಟ ‘ವೆಲ್ಮಾ’ 2023ರ ಜನವರಿಯಲ್ಲಿ ಬಂತು. ಪ್ರೇಕ್ಷಕರು ಕೊಟ್ಟ ಅಂಕ ಪಾತಾಳದಲ್ಲಿತ್ತು. ಅದೇ ವಾರ ಎಚ್‌ಬಿಒ ಮ್ಯಾಕ್ಸ್, ತನ್ನ ಸ್ವಂತ ಅನಿಮೇಶನ್ ಸರಣಿಗಳಲ್ಲಿ ಇದಕ್ಕೇ ಅತಿ ದೊಡ್ಡ ಆರಂಭ ಸಿಕ್ಕಿತು ಎಂದಿತು. ಬೈಯಲೆಂದು ನೋಡಿದವರ ನೋಟವೂ ಲೆಕ್ಕಕ್ಕೆ ಸೇರುತ್ತದೆಯಲ್ಲ! ಎರಡನೇ ಸೀಸನ್ ಕೂಡ ಬಂದು, 2024ರ ಅಕ್ಟೋಬರ್‌ನಲ್ಲಿ ಸರಣಿ ರದ್ದಾಯಿತು. ನಮ್ಮ ದೃಷ್ಟಿಯಲ್ಲಿ ಅದರ ತೊಂದರೆ ನಾಯಕಿಯ ಮೈಬಣ್ಣದ್ದಲ್ಲ, ತಾನು ಎರವಲು ಪಡೆದ ಪಾತ್ರಗಳ ಮೇಲೆಯೇ ಅದಕ್ಕಿದ್ದ ತಾತ್ಸಾರದ್ದು. 2017ರ ಹೊಸ ‘ಡಕ್ ಟೇಲ್ಸ್’ ಕೂಡ ಬಹಳಷ್ಟನ್ನು ಬದಲಾಯಿಸಿತು. ಮೂವರು ಮರಿಗಳಿಗೂ ಬೇರೆ ಬೇರೆ ದನಿ, ಬೇರೆ ಬೇರೆ ಸ್ವಭಾವ ಕೊಟ್ಟಿತು, ಅವರ ತಾಯಿ ಏನಾದಳು ಎಂಬ ಪ್ರಶ್ನೆಯನ್ನು ಕಥೆಯ ನಡುವಿಗೇ ತಂದಿತು. ಹಳೆಯ ಶೀರ್ಷಿಕೆ ಗೀತೆಯನ್ನು ಮಾತ್ರ ಬಿಡಲಿಲ್ಲ. ಅಭಿಮಾನಿಗಳು ಅದನ್ನು ಅಪ್ಪಿಕೊಂಡರು.

ಇನ್ನು ಸೋನಿಕ್‌ಗೆ ಮರಳಿದರೆ, ಗೆಲುವಿನ ಕಥೆ ಹೇಳುವಾಗ ಬಿಟ್ಟುಹೋಗುವ ಒಂದು ಪುಟವಿದೆ. ನಿರ್ದೇಶಕ ಟ್ವೀಟ್ ಮಾಡಿದಷ್ಟು ಸುಲಭಕ್ಕೆ ಸೋನಿಕ್‌ನ ಕಣ್ಣು ದೊಡ್ಡದಾಗಲಿಲ್ಲ. ಮುಗಿದಿದ್ದ ದೃಶ್ಯಗಳಲ್ಲಿ ಪಾತ್ರವನ್ನು ಮತ್ತೆ ಕಟ್ಟಿ, ರೋಮ ಹೊದಿಸಿ, ಬೆಳಕು ಬಿಡಿಸಿ, ಒಂದೊಂದು ಫ್ರೇಮನ್ನೂ ಮರಳಿ ಸಿದ್ಧಪಡಿಸಿದ್ದು ಅನಿಮೇಟರ್‌ಗಳು. ಆ ಕೆಲಸದಲ್ಲಿದ್ದ ಎಂಪಿಸಿ ಕಂಪನಿಯ ವ್ಯಾಂಕೂವರ್ ಸ್ಟುಡಿಯೋವನ್ನು 2019ರ ಡಿಸೆಂಬರ್‌ನಲ್ಲಿ, ಸಿನಿಮಾ ತೆರೆಗೆ ಬರುವ ಎರಡು ತಿಂಗಳ ಮೊದಲು, ಮುಚ್ಚಲಾಯಿತು. ಮಾರುಕಟ್ಟೆಯ ಒತ್ತಡ ಮತ್ತು ಬೇರೆ ಊರುಗಳಲ್ಲಿನ ಉತ್ತಮ ಅವಕಾಶ ಎಂಬುದು ಕಂಪನಿ ಕೊಟ್ಟ ಕಾರಣ. ಸೋನಿಕ್‌ನ ಮರುವಿನ್ಯಾಸಕ್ಕೂ ಮುಚ್ಚುವಿಕೆಗೂ ನೇರ ನಂಟು ಕಟ್ಟುವುದು ತಪ್ಪಾಗುತ್ತದೆ. ಅಭಿಮಾನಿಗಳು ಸಂಭ್ರಮಿಸುತ್ತಿದ್ದ ಹೊತ್ತಿನಲ್ಲಿ ಆ ಸ್ಟುಡಿಯೋದವರು ಕೆಲಸ ಹುಡುಕುತ್ತಿದ್ದರು ಎನ್ನುವುದಂತೂ ನಿಜ. ಎಂಪಿಸಿಯ ದೊಡ್ಡ ಸ್ಟುಡಿಯೋ ನಮ್ಮ ಬೆಂಗಳೂರಿನಲ್ಲೂ ಇತ್ತು. 2025ರ ಆರಂಭದಲ್ಲಿ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದಾಗ ಅಲ್ಲಿನವರ ಕೆಲಸವೂ ಹೋಯಿತು. ಪರದೆಯ ಮೇಲಿನ ಬೆಕ್ಕು, ಸಿಂಹ, ಮುಳ್ಳಿನ ಪ್ರಾಣಿಗಳಿಗೆ ರೋಮ ಹೊದಿಸುವವರು ದೂರದ ಯಾರೋ ಅಲ್ಲ.

ಆ ಹಲ್ಲಿನ ಸೋನಿಕ್ ಏನಾದ? 2022ರಲ್ಲಿ ಡಿಸ್ನಿಯ ‘ಚಿಪ್ ಆಂಡ್ ಡೇಲ್: ರೆಸ್ಕ್ಯೂ ರೇಂಜರ್ಸ್’ ಸಿನಿಮಾದಲ್ಲಿ ‘ಕುರೂಪಿ ಸೋನಿಕ್’ ಎಂಬ ಹೆಸರಿನಲ್ಲೇ ಮರಳಿ ಬಂದ. ಅಭಿಮಾನಿಗಳ ಸಮಾವೇಶವೊಂದರಲ್ಲಿ ಮೇಜು ಹಾಕಿಕೊಂಡು ಕೂತು, ತನ್ನ ಹಲ್ಲಿನ ಬಗ್ಗೆ ತಾನೇ ತಮಾಷೆ ಮಾಡುವ ಪಾತ್ರ. ಮೂರು ವರ್ಷದ ಹಿಂದೆ ಅಸಹ್ಯಪಟ್ಟವರಲ್ಲಿ ಅನೇಕರು, ಸಿನಿಮಾದಲ್ಲಿ ತಮಗೆ ಬಹಳ ಇಷ್ಟವಾದದ್ದು ಅವನೇ ಎಂದರು.