ಎಣ್ಣೆಯನ್ನು ಎಷ್ಟು ತಣಿಸಬೇಕು?

ವೇಗದ ಕಾರುಗಳಲ್ಲಿ ಆಸಕ್ತಿಯುಳ್ಳವರು ಹೊರಗಿನಿಂದ ಕೊಂಡು ಜೋಡಿಸುವ ಸಲಕರಣೆಗಳಲ್ಲಿ ಆಯಿಲ್ ಕೂಲರು ಒಂದು. ಎಂಜಿನ್ನಿನ ಎಣ್ಣೆಯನ್ನು ಕೊಳವೆಗಳ ಮೂಲಕ ಹೊರತಂದು, ಚಿಕ್ಕ ರೇಡಿಯೇಟರಿನಂತಹ ಸಾಧನದಲ್ಲಿ ಹರಿಸಿ, ಗಾಳಿಗೊಡ್ಡಿ ತಣಿಸುವುದು ಇದರ ಕೆಲಸ. ತಂಪು ಹೆಚ್ಚಿದಷ್ಟೂ ಎಂಜಿನ್ನಿಗೆ ಹಿತವೆಂದು ನಂಬಿ ಇದನ್ನು ಜೋಡಿಸುವವರುಂಟು. ಈ ನಂಬಿಕೆ ಅರ್ಧಸತ್ಯವೆಂದೂ, ಉಳಿದರ್ಧವನ್ನು ಅರಿಯದೆ ಮಾಡಿದ ಕೆಲಸ ಎಂಜಿನ್ನಿಗೇ ಮುಳುವಾಗಬಹುದೆಂದೂ ನಮ್ಮ ಅಭಿಪ್ರಾಯ.

ಮೊದಲು ಸತ್ಯಾಂಶವನ್ನು ನೋಡೋಣ. ಬೇರಿಂಗುಗಳಲ್ಲಿ ಲೋಹಕ್ಕೆ ಲೋಹ ತಗುಲದಂತೆ ಕಾಯುವುದು ಎಣ್ಣೆಯ ತೆಳುಪೊರೆ. ಪೊರೆಯ ದಪ್ಪವು ಎಣ್ಣೆಯ ಸ್ನಿಗ್ಧತೆಯನ್ನು ಅವಲಂಬಿಸಿದೆ. ಸ್ನಿಗ್ಧತೆಯಾದರೋ ಉಷ್ಣತೆ ಏರಿದಂತೆಲ್ಲ ಕುಸಿಯುತ್ತದೆ. 5ಡಬ್ಲ್ಯು-30 ದರ್ಜೆಯ ಎಣ್ಣೆ 40 ಡಿಗ್ರಿ ಸೆಂಟಿಗ್ರೇಡಿನಿಂದ 100 ಡಿಗ್ರಿಗೆ ಕಾಯ್ದರೆ ಅದರ ಸ್ನಿಗ್ಧತೆ ಸುಮಾರು ಆರನೆಯ ಒಂದು ಪಾಲಿಗೆ ಇಳಿಯುತ್ತದೆ. ಪಂದ್ಯದ ಪಥದಲ್ಲಿ ಎಡೆಬಿಡದೆ ಓಡುವ ಕಾರಿನ ಎಣ್ಣೆ 130 ಡಿಗ್ರಿಯನ್ನು ದಾಟುವುದೂ ಉಂಟು. ಅಮೆರಿಕದಲ್ಲಿ 2009ರ ಮಾದರಿಯಾಗಿ ಬಂದ ನಿಸಾನ್ 370ಝಡ್ ಇದಕ್ಕೆ ಪ್ರಸಿದ್ಧ ನಿದರ್ಶನ. ಎಣ್ಣೆ ಅತಿಯಾಗಿ ಕಾದಾಗ ಅದರ ನಿಯಂತ್ರಣ ವ್ಯವಸ್ಥೆಯೇ ಎಂಜಿನ್ನಿನ ವೇಗವನ್ನು ತಗ್ಗಿಸಿಬಿಡುತ್ತಿತ್ತು. ಮುಂದೆ ಕೆಲವು ಮಾದರಿಗಳಿಗೆ ತಯಾರಕರೇ ಕೂಲರನ್ನು ಅಳವಡಿಸಿದರು. ಅಂತಹ ಕಾರಿಗೆ ಇದು ಶೋಕಿಯಲ್ಲ, ಅಗತ್ಯ.

ಆದರೆ ಎಣ್ಣೆಗೆ ಬಿಸಿಯೂ ಬೇಕು. ಪೆಟ್ರೋಲು ಉರಿದಾಗ ಹುಟ್ಟುವ ನೀರಾವಿಯ ಅಲ್ಪಾಂಶವೂ, ಉರಿಯದುಳಿದ ಪೆಟ್ರೋಲೂ ಎಣ್ಣೆಗೆ ಇಳಿಯುತ್ತವೆ. ಎಣ್ಣೆ ಸಾಕಷ್ಟು ಕಾದರೆ ಮಾತ್ರ ಇವು ಆವಿಯಾಗಿ ಹೊರಬೀಳುತ್ತವೆ; ಇಲ್ಲದಿದ್ದರೆ ಕೆಸರಾಗಿ, ಆಮ್ಲವಾಗಿ ಲೋಹವನ್ನು ತಿನ್ನುತ್ತವೆ. ತಣ್ಣಗಿನ ದಪ್ಪ ಎಣ್ಣೆಯನ್ನು ನೂಕಲು ಶಕ್ತಿಯೂ ವ್ಯಯವಾಗುತ್ತದೆ. ಎಣ್ಣೆ 90ರಿಂದ 110 ಡಿಗ್ರಿಯ ಆಸುಪಾಸಿನಲ್ಲಿರುವುದೇ ಲೇಸು. ಆದುದರಿಂದ ರಸ್ತೆಯಲ್ಲಿಯೂ ಓಡುವ ಕಾರಿಗೆ, ಸುಮಾರು 80 ಡಿಗ್ರಿಯಲ್ಲಿ ತೆರೆದುಕೊಳ್ಳುವ ಥರ್ಮೋಸ್ಟಾಟು ಇಲ್ಲದೆ ಕೂಲರನ್ನು ಜೋಡಿಸಲೇಬಾರದು.

ಎಲ್ಲಿ ಜೋಡಿಸಬೇಕೆಂಬುದು ಮುಂದಿನ ಪ್ರಶ್ನೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಎಣ್ಣೆಯ ಕೂಲರು ಫ್ಯಾನಿನ ಗಾಳಿಗೆ ಅಡ್ಡಲಾಗಿತ್ತು. ಅದರ ಹಿಂದಿದ್ದ ಮೂರನೆಯ ಸಿಲಿಂಡರು ಉಳಿದವುಗಳಿಗಿಂತ ಹೆಚ್ಚು ಕಾಯುತ್ತಿತ್ತು. 1971ರ ಮಾದರಿಯಲ್ಲಿ ಕೂಲರನ್ನು ಸ್ಥಳಾಂತರಿಸಿ ಅದಕ್ಕೆ ಪ್ರತ್ಯೇಕ ಗಾಳಿಮಾರ್ಗವನ್ನು ಕಲ್ಪಿಸಲಾಯಿತು. ಒಂದನ್ನು ತಣಿಸಹೋಗಿ ಇನ್ನೊಂದನ್ನು ಕಾಯಿಸಬಾರದೆಂಬ ಈ ಪಾಠ ಇಂದಿಗೂ ಸಲ್ಲುತ್ತದೆ. ಕೂಲರನ್ನು ರೇಡಿಯೇಟರಿನ ಮುಂದೆ ಕಟ್ಟಿದರೆ ರೇಡಿಯೇಟರಿಗೆ ಬಿಸಿಗಾಳಿಯೇ ಗತಿ. ಗಾಳಿ ಒಳಬರುವ ದಾರಿಯಷ್ಟೇ ಹೊರಹೋಗುವ ದಾರಿಯೂ ಮುಖ್ಯ. ಹೊರದಾರಿಯಿಲ್ಲದಿದ್ದರೆ ಕೂಲರು ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ.

ಇನ್ನು ಅಪಾಯದ ಮಾತು. ಹೊಸ ಕೊಳವೆ, ಹೊಸ ಕೀಲುಗಳೆಂದರೆ ಎಣ್ಣೆ ಸೋರಲು ಹೊಸ ಎಡೆಗಳು. ಕೊಳವೆ ಕಳಚಿದರೆ ಒತ್ತಡದಲ್ಲಿರುವ ಎಣ್ಣೆ ಕ್ಷಣಗಳಲ್ಲಿ ಹೊರಚೆಲ್ಲಿ ಎಂಜಿನ್ನು ಬಿಗಿದುಕೊಳ್ಳುತ್ತದೆ. ಟೈರಿಗೆ ಬಿದ್ದರೆ ಕಾರು ಜಾರುತ್ತದೆ. ಕೆಂಪಗೆ ಕಾದ ನಿಷ್ಕಾಸ ಕೊಳವೆಗೆ ಬಿದ್ದರೆ ಬೆಂಕಿ. ಅಗ್ಗದ ಕೊಳವೆಯಲ್ಲಿ ಉಳಿಸಿದ ಹಣಕ್ಕೆ ಪ್ರಾಣವನ್ನು ಒತ್ತೆಯಿಡುವುದು ಯಾವ ಜಾಣತನ?

ನಮ್ಮ ಸಲಹೆ ಸರಳವಾದುದು. ಮೊದಲು ಉಷ್ಣಮಾಪಕವನ್ನು ಜೋಡಿಸಿ, ಎಣ್ಣೆಯ ಉಷ್ಣತೆಯನ್ನು ಅಳೆಯಿರಿ. ಕಾರನ್ನು ನೀವು ನಿಜವಾಗಿ ಓಡಿಸುವ ರೀತಿಯಲ್ಲಿ ಅದು 120 ಡಿಗ್ರಿಯನ್ನು ಮೀರದಿದ್ದರೆ ಕೂಲರಿನ ಹಣವನ್ನು ಒಳ್ಳೆಯ ಎಣ್ಣೆಗೂ ಟೈರಿಗೂ ವಿನಿಯೋಗಿಸಿರಿ. ಪದೇ ಪದೇ ಮೀರಿದರೆ ಥರ್ಮೋಸ್ಟಾಟಿನೊಡನೆ, ಭದ್ರವಾದ ಕೊಳವೆಗಳೊಡನೆ ಕೂಲರನ್ನು ಜೋಡಿಸಿರಿ. ಅಳೆಯದೆ ಮಾಡಿದ ಚಿಕಿತ್ಸೆ ಮನುಷ್ಯನಿಗೂ ಸಲ್ಲದು, ಯಂತ್ರಕ್ಕೂ ಸಲ್ಲದು.