ವಠಾರದ ಚಳಿಗಾಲದ ಬೆಳಗು

ಕೊಳ್ಳೇಗಾಲದ ಹಳೆಯ ವಠಾರಗಳನ್ನು ನಮ್ಮ ಓದುಗರು ಚೆನ್ನಾಗಿ ಬಲ್ಲರು: ಒಂದೇ ಅಂಗಳ, ಒಂದೇ ನಲ್ಲಿ, ಸಾಲಾಗಿ ಐದಾರು ಮನೆಗಳು, ಅವುಗಳಲ್ಲೊಂದೆರಡರೊಳಗೆ ರೇಷ್ಮೆಯ ಮಗ್ಗ. ಜನವರಿಯಲ್ಲಿ ಇಲ್ಲಿ ಸೂರ್ಯೋದಯವಾಗುವುದು 6 ಗಂಟೆ 45 ನಿಮಿಷದ ಸುಮಾರಿಗೆ. ಅದಕ್ಕೆ ಬಹು ಮೊದಲೇ ಹಂಡೆಯೊಲೆಯ ಹೊಗೆಯು ಮಂಜಿನೊಡನೆ ಬೆರೆತಿರುತ್ತದೆ. ಬಿಸಿಲೇರಿದೊಡನೆ ಅಜ್ಜಿಯರು ಜಗಲಿಗೆ ಬಂದು, ಊರಿನ ಸುದ್ದಿಯನ್ನೆಲ್ಲ ಆಡುತ್ತ, ನೆನೆದ ಅವರೆಕಾಳನ್ನು ಹಿದುಕುತ್ತಾರೆ. ಈ ನೋಟವು ನಮಗೆ ಬಲು ಪ್ರಿಯವಾದುದು.

ಆದರೆ ಆ ಒಲೆಯನ್ನು ಹೊತ್ತಿಸಿದವರಾರು? ಹಂಡೆಗೆ ನೀರು ತುಂಬಿದವರಾರು? ಹನೂರಿನಲ್ಲಿ ಕೇಳಿದರೂ ಯಳಂದೂರಿನಲ್ಲಿ ಕೇಳಿದರೂ ಬಹುಮಟ್ಟಿಗೆ ಉತ್ತರವೊಂದೇ: ಮನೆಯ ಹೆಣ್ಣುಮಗಳು. ಅವಳ ಅಣ್ಣನು ನೀರು ಕಾದ ಮೇಲೆಯೇ ಕಂಬಳಿಯನ್ನು ಬಿಟ್ಟೇಳುವನು.

ತಡವಾಗಿ ಬಂದವರನ್ನು ನಾವೂ ಹಿಂದೆ ತರಗತಿಯ ಹೊರಗೆ ನಿಲ್ಲಿಸಿದ್ದುಂಟು. ಒಮ್ಮೆ ಅಂಥವಳೊಬ್ಬಳ ಕೈಯನ್ನು ಹಿಡಿದು ನೋಡಲು, ಅಂಗೈಯಲ್ಲಿ ಹೊಸ ಬೊಬ್ಬೆಯೂ ಉಗುರುಗಳ ಸಂದಿಯಲ್ಲಿ ಮಸಿಯೂ ಇದ್ದವು. ಅಂದಿನಿಂದ ಆ ಶಿಕ್ಷೆಯನ್ನು ಬಿಟ್ಟೆವು. ತಡವೇನೋ ಹಾಗೆಯೇ ಉಳಿದಿದೆ. ಮೊದಲನೆಯ ಪಾಠವು ತಪ್ಪುತ್ತಲೇ ಇದೆ.

ಆದುದರಿಂದ ಪೋಷಕರು ಒಲೆಯ ಕೆಲಸವನ್ನು ಒಂದು ದಿನ ಮಗಳಿಗೂ ಒಂದು ದಿನ ಮಗನಿಗೂ ವಹಿಸಬೇಕು. ಹುಡುಗನಿಗೆ ಬೆಂಕಿ ಹೊತ್ತಿಸಲು ಬಾರದೆಂಬ ಮಾತನ್ನು ನಾವು ಒಪ್ಪೆವು. ದೀಪಾವಳಿಯಲ್ಲಿ ಅವನೇ ಎಲ್ಲರಿಗಿಂತ ಮುಂದಿರುವುದನ್ನು ವಠಾರವೆಲ್ಲ ಕಂಡಿದೆ.