ಮನಿಲಾದ ಪೋಲೋ: ಬೇಲಿಯ ಒಳಗಿದ್ದವರು, ಹೊರಗಿದ್ದವರು

ಪೋಲೋ ಎಂದರೆ ಕುದುರೆಯೇರಿ ಆಡುವ ಹಾಕಿ ಎಂದುಕೊಂಡರೆ ಆಟದ ಅರ್ಧ ಭಾಗ ತಿಳಿದಂತೆ. ತಂಡಕ್ಕೆ ನಾಲ್ವರು ಸವಾರರು. ಉದ್ದನೆಯ ಕೋಲನ್ನು ಬಲಗೈಯಲ್ಲೇ ಹಿಡಿಯಬೇಕು. ಎಡಗೈ ಆಟಗಾರನಿಗೂ ವಿನಾಯಿತಿಯಿಲ್ಲ. ಏಳು ನಿಮಿಷದ ಒಂದೊಂದು ಸುತ್ತನ್ನು ಚಕ್ಕರ್ ಎನ್ನುತ್ತಾರೆ, ನಮ್ಮ ‘ಚಕ್ರ’ದ ಬಳಗಕ್ಕೇ ಸೇರಿದ ಮಾತು. ಬ್ರಿಟಿಷರು ಈ ಆಟ ಕಲಿತದ್ದು ಮಣಿಪುರಿಗಳ ಸಗೋಲ್ ಕಾಂಗ್‌ಜೈ ನೋಡಿ. 1859ರಲ್ಲಿ ಸಿಲ್ಚಾರ್‌ನಲ್ಲಿ ಅವರು ಕ್ಲಬ್ಬು ಕಟ್ಟಿದರು. ಅಲ್ಲಿಂದ ಆಟ ಲೋಕ ಸುತ್ತಿತು.

ಉಳಿದರ್ಧ ತಿಳಿಯಬೇಕಾದರೆ ಖರ್ಚಿನ ಲೆಕ್ಕ ಹಾಕಬೇಕು. ಒಂದು ಪೋಲೋ ಮೈದಾನಕ್ಕೆ ಸುಮಾರು ಹತ್ತು ಎಕರೆ ಹುಲ್ಲುನೆಲ ಬೇಕು. ಒಂದು ಚಕ್ಕರ್ ಓಡಿದ ಕುದುರೆಗೆ ಏದುಸಿರು ಬಂದಿರುತ್ತದೆ, ಮುಂದಿನ ಸುತ್ತಿಗೆ ಬೇರೆ ಕುದುರೆ ಸಿದ್ಧವಿರಬೇಕು. ಜೊತೆಗೆ ಲಾಯ, ಮೇವು, ಲಾಳ, ಕಾಸ್ತಾರರು. ಹಾಗಾಗಿ ಒಂದು ದೇಶದಲ್ಲಿ ಪೋಲೋ ಬೆಳೆದ ಕಥೆ ಹೇಳಹೊರಟರೆ, ಅಲ್ಲಿ ನೆಲ ಯಾರದಾಗಿತ್ತು, ಬಾಗಿಲು ಯಾರಿಗೆ ತೆರೆದಿತ್ತು ಎಂಬುದನ್ನೂ ಹೇಳಲೇಬೇಕಾಗುತ್ತದೆ. ಫಿಲಿಪ್ಪೀನ್ಸ್ ಕಥೆಯಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ.

1898ರ ಒಪ್ಪಂದದಲ್ಲಿ ಸ್ಪೇನ್ ಈ ದ್ವೀಪಗಳನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಆಡಳಿತ ನಡೆಸಲು ಬಂದವರಲ್ಲಿ ಬಾಸ್ಟನ್ನಿನ ವಿಲಿಯಂ ಕ್ಯಾಮರಾನ್ ಫೋರ್ಬ್ಸ್ ಒಬ್ಬರು. ಚಿಂತಕ ಎಮರ್ಸನ್ನರ ಮೊಮ್ಮಗ, ಪೋಲೋ ಎಂದರೆ ಪ್ರಾಣ. 1909ರಲ್ಲಿ ಗವರ್ನರ್ ಜನರಲ್ ಆದರು, ಅದೇ ವರ್ಷ ಮನಿಲಾ ಪೋಲೋ ಕ್ಲಬ್ ಹುಟ್ಟಿತು. ಆಟವನ್ನು ಕಲಿಸಿಕೊಡುವ ಪುಸ್ತಕವನ್ನೂ ಅವರು ಬರೆದರು. ಮನಿಲಾ ಕೊಲ್ಲಿಯ ದಡದ ಆ ಅಂಗಳದಲ್ಲಿ ಸಂಜೆ ಸೇರುತ್ತಿದ್ದವರು ಹೆಚ್ಚಾಗಿ ಅಮೆರಿಕನ್ ಅಧಿಕಾರಿಗಳು, ಬಿಳಿಯ ವ್ಯಾಪಾರಿಗಳು.

1930ರ ದಶಕದಲ್ಲಿ ಈ ಏರ್ಪಾಡಿಗೆ ಬಿರುಕು ಬಿತ್ತು. ನಾಡಿನ ದೊಡ್ಡ ನಾಯಕ ಮ್ಯಾನುಯೆಲ್ ಕೆಜೋನ್ ಅವರ ಆಪ್ತರಾದ ಮ್ಯಾನುಯೆಲ್ ನಿಯೆಟೊ ಸದಸ್ಯತ್ವ ಕೇಳಿದಾಗ ಕ್ಲಬ್ಬು ಒಪ್ಪಲಿಲ್ಲ. ನಿಯೆಟೊ ಅವರ ಗೆಳೆಯರಾದ ಎಲಿಜಾಲ್ಡೆ ಸೋದರರು ಕ್ಲಬ್ಬಿನ ಅತ್ಯುತ್ತಮ ಆಟಗಾರರ ಸಾಲಿನಲ್ಲಿದ್ದವರು. ಅವರು ಹೊರನಡೆದು ತಮ್ಮದೇ ‘ಲೋಸ್ ತಮರಾವೋಸ್’ ಕ್ಲಬ್ಬು ಕಟ್ಟಿದರು. ತಮರಾವ್ ಎಂದರೆ ಮಿಂಡೋರೊ ದ್ವೀಪದಲ್ಲಿ ಮಾತ್ರ ಸಿಗುವ ಗಿಡ್ಡ ಕಾಡುಕೋಣ. ಪರದೇಶದಿಂದ ಬಂದ ಆಟದ ಕ್ಲಬ್ಬಿಗೆ ಊರಿನ ಕಾಡುಪ್ರಾಣಿಯ ಹೆಸರಿಟ್ಟದ್ದು ನನಗೆ ಬಹಳ ಹಿಡಿಸುವ ಸಂಗತಿ. ಎಲಿಜಾಲ್ಡೆಗಳೇನೂ ಬಡವರಲ್ಲ, ಸ್ಪ್ಯಾನಿಷ್ ಮೂಲದ ಭಾರಿ ಸಿರಿವಂತರು; ಜನಸಾಮಾನ್ಯರಿಗೆ ಬಾಗಿಲು ತೆರೆಯಿತೆಂದು ಹೇಳಲಾಗದು. ಆದರೂ ಆಟದ ಯಜಮಾನಿಕೆ ಅಮೆರಿಕನ್ನರ ಸೊತ್ತೆಂಬ ನಂಬಿಕೆ ಅಲ್ಲಿಗೆ ಮುರಿಯಿತು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಅಮೆರಿಕದ 26ನೇ ಅಶ್ವದಳದಲ್ಲಿ ಅಧಿಕಾರಿಗಳು ಹೆಚ್ಚಿನವರು ಅಮೆರಿಕನ್ನರು, ಸವಾರರು ಫಿಲಿಪ್ಪೀನಿಗರು. 1942ರ ಜನವರಿ 16ರಂದು ಬಟಾನ್‌ನ ಮೊರೊಂಗ್ ಎಂಬ ಊರಿನಲ್ಲಿ ಈ ದಳದ ತುಕಡಿಯೊಂದು ಕುದುರೆಯೇರಿ ಜಪಾನೀಯರ ಮೇಲೆ ಎರಗಿತು. ಮುನ್ನಡೆಸಿದ ಎಡ್ವಿನ್ ರಾಮ್ಸೆ ಪೋಲೋ ಆಟಗಾರ. ಅಮೆರಿಕನ್ ಸೇನೆ ಕುದುರೆಯೇರಿ ನಡೆಸಿದ ಕೊನೆಯ ದಾಳಿ ಅದೆಂದು ಹೇಳುತ್ತಾರೆ. ಕೆಲವೇ ವಾರಗಳಲ್ಲಿ ಬಟಾನ್‌ನಲ್ಲಿ ಕೂಳಿಗೆ ತತ್ವಾರವಾಗಿ ಆ ದಳದ ಕುದುರೆಗಳನ್ನೇ ಕಡಿದು ಸೈನಿಕರಿಗೆ ಉಣಿಸಬೇಕಾಯಿತು. ಸಾಕಿದ ಕೈಗಳಿಗೆ ಆ ತುತ್ತು ಹೇಗೆ ಇಳಿಯಿತೋ! ಎಲಿಜಾಲ್ಡೆ ಸೋದರರಲ್ಲಿ ಹುವಾನ್ ಅವರನ್ನು ಜಪಾನೀಯರು ಕೊಂದರು. 1945ರ ಕದನದಲ್ಲಿ ಮನಿಲಾ ನೆಲಸಮವಾಯಿತು.

ಯುದ್ಧ ಮುಗಿದ ಮೇಲೆ ಮನಿಲಾ ಪೋಲೋ ಕ್ಲಬ್ಬು ಮಕಾಟಿಯ ಹೊಸ ಬಡಾವಣೆಗೆ ಹೋಯಿತು. ದೇಶ 1946ರಲ್ಲೇ ಸ್ವತಂತ್ರವಾಗಿತ್ತು, ಬಡಾವಣೆಗೆ ಮಾತ್ರ ಫೋರ್ಬ್ಸ್ ಪಾರ್ಕ್ ಎಂದೇ ಹೆಸರು. ಈಗ ಗಗನಚುಂಬಿ ಕಟ್ಟಡಗಳ ನಡುವೆ ಆ ಹುಲ್ಲುನೆಲ ಉಳಿದಿದೆ.

ಆಟ ಮನಿಲಾದಿಂದ ಹೊರಕ್ಕೂ ಹರಿಯಿತು. 1962ರಲ್ಲಿ ಮನಿಲಾ ಮೂಲದ ಉದ್ಯಮಿ ಜೋಸೆಫ್ ಮೆಕ್‌ಮಿಕಿಂಗ್ ಸ್ಪೇನ್‌ನಲ್ಲಿ ಸೊಟೊಗ್ರಾಂಡೆ ಎಂಬ ವಸತಿನಗರಕ್ಕೆ ಅಡಿಪಾಯ ಹಾಕಿದರು. ಅಲ್ಲಿ ಪೋಲೋ ಬೇರೂರಲು ಅವರದೇ ಬಂಧುಬಳಗದ ಎನ್ರಿಕೆ ಜೋಬೆಲ್ ದುಡಿದರು. ಇಂದು ಅದು ಯುರೋಪಿನ ದೊಡ್ಡ ಪೋಲೋ ಕೇಂದ್ರಗಳಲ್ಲೊಂದು. ಹಳೆಯ ವಸಾಹತು ಹಳೆಯ ಒಡೆಯನಿಗೆ ಆಟ ಕೊಟ್ಟಂತಾಯಿತು. ಇದೇ ಜೋಬೆಲ್ 1991ರಲ್ಲಿ ಸ್ಪೇನ್‌ನಲ್ಲಿ ಆಡುವಾಗ ಕುದುರೆಯಿಂದ ಬಿದ್ದು, ಉಳಿದ ಆಯುಸ್ಸನ್ನು ಗಾಲಿಕುರ್ಚಿಯಲ್ಲಿ ಕಳೆದರು.

2019ರ ಆಗ್ನೇಯ ಏಷ್ಯಾ ಕ್ರೀಡಾಕೂಟ ಫಿಲಿಪ್ಪೀನ್ಸ್‌ನಲ್ಲಿ ನಡೆದಾಗ ಪೋಲೋ ಪಂದ್ಯಗಳು ಬಟಾಂಗಾಸ್ ಪ್ರಾಂತದ ಕಲಾಟಗಾನ್‌ನಲ್ಲಿ ಜರುಗಿದವು. ಪೋಲೋದಲ್ಲಿ ಪ್ರತಿ ಆಟಗಾರನ ಕೌಶಲಕ್ಕೂ ಮೈನಸ್ ಎರಡರಿಂದ ಹತ್ತರವರೆಗೆ ಅಂಕವಿದೆ, ಅದೇ ಹ್ಯಾಂಡಿಕ್ಯಾಪ್. ಕೂಟದಲ್ಲಿ ನಾಲ್ವರ ಒಟ್ಟು ಅಂಕಕ್ಕೆ ಕಡಿಮೆ ಮಿತಿ ಹಾಕಿದ್ದರು. ಹಾಗಾಗಿ ಹತ್ತರ ಅಂಕದ ದುಬಾರಿ ವೃತ್ತಿಪರರು ಅಲ್ಲಿ ಹೊಂದುವುದಿಲ್ಲ, ಸ್ಥಳೀಯ ಹುಡುಗರಿಗೆ ಜಾಗವಾಗುತ್ತದೆ. ನನ್ನ ಮಟ್ಟಿಗೆ ಇದು ಒಳ್ಳೆಯ ನಿಯಮ. ಆ ಹುಡುಗರ ಜೊತೆ, ಬೆಳಗಾಗುವ ಮೊದಲೇ ಎದ್ದು ಅವರ ಕುದುರೆಗಳ ಮೈ ತಿಕ್ಕುವ ಕಾಸ್ತಾರರ ಮಕ್ಕಳೂ ಜೀನು ಏರುವುದನ್ನು ನೋಡುವ ಆಸೆ ನನಗಿದೆ.